ಬಟ್ಟೆ ಮೀಟರಿಗೆ, ಮೈ ಇಂಚಿಗೆ

ಬೆಂಗಳೂರಿನ ಬಸವೇಶ್ವರನಗರ, ರಾಜಾಜಿನಗರ, ವಿಜಯನಗರದ ಕಡೆ ಹೊಲಿಗೆ ಮಿಷನ್ ಇಲ್ಲದ ಮನೆ ಸಿಗುವುದು ಕಷ್ಟ. ಹೊಲಿಯುವವರಿರುವ ಮನೆ ಸಿಗುವುದು ಇನ್ನೂ ಕಷ್ಟ. ಅತ್ತೆಯ ಕಾಲದ ಮೆರಿಟ್ಟೋ, ಮದುವೆಯಲ್ಲಿ ತವರಿನಿಂದ ಬಂದ ಉಷಾವೋ, ಕಂತಿನ ಮೇಲೆ ತಂದ ಸಿಂಗರೋ, ಯಾವುದೋ ಒಂದು ಹಾಲಿನ ಮೂಲೆಯಲ್ಲಿ ಕಿಟಕಿಯ ಬೆಳಕನ್ನೆಲ್ಲ ತಾನೇ ಹಿಡಿದುಕೊಂಡು ಕೂತಿರುತ್ತದೆ. ಅದರ ಮೇಲೊಂದು ಕ್ರೋಶಾ ಹೊದಿಕೆ. ಹೊದಿಕೆಯ ಮೇಲೆ ಇಸ್ತ್ರಿಗೆ ಹೋಗಬೇಕಾದ ಬಟ್ಟೆ, ಬಟ್ಟೆಯ ಮೇಲೆ ಬೆಸ್ಕಾಂ ಬಿಲ್ಲು, ಬಿಲ್ಲು ಹಾರದಿರಲೆಂದು ಯಜಮಾನರ ಕನ್ನಡಕ. ಮಕ್ಕಳಿಗೆ ಅದರ ಪೆಡಲು ಬಸ್ಸಿನ ಬ್ರೇಕು, ಚಕ್ರ ಸ್ಟೇರಿಂಗು. ವರ್ಷಕ್ಕೊಂದು ದಿನ, ಆಯುಧಪೂಜೆಗೆ, ಹೊದಿಕೆ ತೆಗೆದು ಧೂಳು ಒರೆಸಿ ಅರಿಶಿನ ಕುಂಕುಮ ಹಚ್ಚಿ ಸೇವಂತಿಗೆ ಹಾರ ಹಾಕುತ್ತಾರೆ. ಆವತ್ತು ಅದನ್ನು ಮುಟ್ಟಿ ಕೆಲಸ ಮಾಡುವಂತಿಲ್ಲ. ಮುಂದಿನ ಆಯುಧಪೂಜೆಯವರೆಗೂ ಆ ನಿಯಮ ಕಟ್ಟುನಿಟ್ಟಾಗಿ ಪಾಲನೆಯಾಗುತ್ತದೆ.

ಹಾಗೆಂದು ಅದನ್ನು ಮಾರುವ ಮಾತೆತ್ತಿದರೆ ಮನೆಯವರೆಲ್ಲ ಮೇಲೆ ಬೀಳುತ್ತಾರೆ. ಹೊಲಿಗೆ ಮಿಷನ್ನಿಗೆ ಸಿಗುವ ಈ ಪ್ರೀತಿ ಮಿಕ್ಸಿಗೆ, ಫ್ರಿಜ್ಜಿಗೆ ಸಿಗುವುದಿಲ್ಲ. ಯಂತ್ರಗಳನ್ನು ಕಂಡರೆ ಮುಖ ಸಿಂಡರಿಸುತ್ತಿದ್ದ ಗಾಂಧೀಜಿಯೂ ಇದಕ್ಕೆ ವಿನಾಯಿತಿ ಕೊಟ್ಟಿದ್ದರು. 1924ರಲ್ಲಿ ಒಬ್ಬ ತರುಣ ಯಂತ್ರಗಳ ವಿಷಯ ಕೆದಕಿದಾಗ, ಸಿಂಗರ್ ಹೊಲಿಗೆ ಯಂತ್ರ ಲೋಕಕ್ಕೆ ನಿಜವಾಗಿ ಉಪಯೋಗವಾದ ಕೆಲವೇ ವಸ್ತುಗಳಲ್ಲಿ ಒಂದು ಎಂದು ಅವರು ಹೇಳಿದರು. ಕೈಹೊಲಿಗೆಯಲ್ಲಿ ಬಸವಳಿಯುತ್ತಿದ್ದ ಹೆಂಡತಿಯನ್ನು ನೋಡಲಾರದೆ, ಅವಳ ಮೇಲಿನ ಪ್ರೀತಿಯಿಂದಲೇ ಸಿಂಗರ್ ಅದನ್ನು ಕಂಡುಹಿಡಿದ ಎಂಬುದು ಅವರು ನಂಬಿದ್ದ ಕಥೆ. ಐಸಾಕ್ ಸಿಂಗರನ ಚರಿತ್ರೆ ತೆಗೆದು ನೋಡಿದರೆ ಬೇರೆಯೇ ಇದೆ. ಅವನು ಮೂಲತಃ ನಾಟಕದವನು. ಹಲವು ಸಂಸಾರಗಳು, ಇಪ್ಪತ್ತಕ್ಕೂ ಹೆಚ್ಚು ಮಕ್ಕಳು. 1851ರಲ್ಲಿ ಅವನು ಪೇಟೆಂಟ್ ಪಡೆದ ಮೇಲೆ, ಐದು ವರ್ಷ ಮೊದಲೇ ಪೇಟೆಂಟ್ ಪಡೆದಿದ್ದ ಎಲಿಯಾಸ್ ಹೋವ್ ಕೋರ್ಟಿಗೆಳೆದು ಗೆದ್ದ. ಪ್ರೀತಿಯ ಕಥೆಗೆ ಇಷ್ಟೊಂದು ಹೆಂಡತಿಯರು ಹೊಂದುವುದಿಲ್ಲ, ನಿಜ. ಆದರೂ ಅಷ್ಟು ಮಕ್ಕಳ ಬಟ್ಟೆ ಹೊಲಿಯಬೇಕಾದ ಮನೆಯ ಗಂಡಸಿಗೆ ಹೊಲಿಗೆ ಯಂತ್ರದ ಯೋಚನೆ ಬಂದದ್ದರಲ್ಲಿ ನ್ಯಾಯವಿದೆ.

ನಾನು ಹೊಲಿಗೆಗೆ ಇಳಿದದ್ದು ಪ್ರೀತಿಯಿಂದಲ್ಲ, ಟೈಲರಿನ ಕಾಟದಿಂದ. ವರಮಹಾಲಕ್ಷ್ಮಿ ಹಬ್ಬಕ್ಕೆ ಕೊಟ್ಟ ಬ್ಲೌಸು ಗೌರಿಹಬ್ಬಕ್ಕೆ ಬರುತ್ತದೆ, ಗೌರಿಯದು ದಸರಾಗೆ. ಕೇಳಿದರೆ, "ಆಗೋಗಿದೆ ಮೇಡಂ, ಹುಕ್ ಒಂದು ಬಾಕಿ" ಎನ್ನುತ್ತಾರೆ. ಬಟ್ಟೆಯನ್ನಿನ್ನೂ ಕವರಿನಿಂದಲೇ ತೆಗೆದಿಲ್ಲದಿದ್ದರೂ ಬಾಕಿ ಇರುವುದು ಹುಕ್ ಒಂದೇ. ಇನ್ನು ಕೂಲಿಯ ವಿಷಯ. ಲೈನಿಂಗ್ ಬ್ಲೌಸು, ಅದಕ್ಕೊಂದು ಪೈಪಿಂಗು, ಬೆನ್ನಿಗೊಂದು ಲಾಡಿ, ಲಾಡಿಯ ತುದಿಗೊಂದು ಗೊಂಡೆ ಎಂದು ಸೇರಿಸುತ್ತ ಹೋದರೆ ಕೂಲಿ ಸೀರೆಯ ಬೆಲೆಯನ್ನು ಹಿಂದೆ ಹಾಕುತ್ತದೆ. ಇಷ್ಟು ದುಡ್ಡು ಕೊಟ್ಟು ಬೈಸಿಕೊಳ್ಳುವ ಬದಲು ನಾನೇ ಹೊಲಿದುಕೊಂಡರಾಯಿತು ಎಂದು ಬಸವೇಶ್ವರನಗರದ ಪ್ರತಿ ಗೃಹಿಣಿಯೂ ವರ್ಷಕ್ಕೊಮ್ಮೆ ಶಪಥ ಮಾಡುತ್ತಾಳೆ. ಕೆಲವರು ಮಿಷನ್ನಿಗೆ ಎಣ್ಣೆ ಬಿಡುವವರೆಗೂ ಹೋಗುತ್ತಾರೆ. ನನ್ನಂಥವರು ಅಲ್ಲಿಂದ ಮುಂದಕ್ಕೆ ಮ್ಯಾಚಿಂಗ್ ಸೆಂಟರಿನವರೆಗೆ ಹೋಗಿ, ವಾಪಸು ಬರುವುದನ್ನು ಮರೆಯುತ್ತಾರೆ.

ಮ್ಯಾಚಿಂಗ್ ಸೆಂಟರ್ ಎಂದರೇನೆಂದು ಗಂಡಸರಿಗೆ ಸ್ವಲ್ಪ ವಿವರಿಸಬೇಕು. ಹತ್ತಡಿ ಅಗಲದ ಅಂಗಡಿ. ಮೂರೂ ಗೋಡೆಗೆ ಸೂರಿನವರೆಗೆ ಹಲಗೆ. ಹಲಗೆಯ ತುಂಬ ಬ್ಲೌಸ್ ಬಟ್ಟೆ, ಬಿಳಿಯಿಂದ ಕಪ್ಪಿನವರೆಗೆ, ನಡುವೆ ಲೋಕದ ಬಣ್ಣಗಳಷ್ಟೂ. ಕೌಂಟರಿನ ಹಿಂದೆ ಒಬ್ಬ ಸೇಟು. ರಾಜಸ್ಥಾನದ ಕಡೆಯವರು, ಆದರೆ ಎರಡನೆಯ ತಲೆಮಾರಿಗೆ ನಮಗಿಂತ ಚೆನ್ನಾದ ಕನ್ನಡ. ನಾವು ಅಣ್ಣ ಅನ್ನುತ್ತೇವೆ, ಅವರು ನಮ್ಮ ವಯಸ್ಸು ನೋಡಿ ಅಕ್ಕ, ಆಂಟಿ, ಅಮ್ಮ ಎಂದು ದರ್ಜೆ ಕೊಡುತ್ತಾರೆ. ಅಕ್ಕನಿಂದ ಆಂಟಿಗೆ ಬಡ್ತಿಯಾದ ದಿನ ಅಂಗಡಿ ಬದಲಾಯಿಸಿದವರನ್ನು ನಾನು ಬಲ್ಲೆ.

ಈ ಅಂಗಡಿಯಲ್ಲಿ ಬಣ್ಣಗಳಿಗೆ ಬೇರೆಯೇ ಹೆಸರು. ರಾಣಿ ಪಿಂಕು, ರಾಮಾ ಗ್ರೀನು, ಗಿಳಿ ಹಸಿರು, ಈರುಳ್ಳಿ ಬಣ್ಣ, ಬದನೆಕಾಯಿ ಬಣ್ಣ, ಕಾಫಿ ಪುಡಿ ಬಣ್ಣ. ಎಂ.ಎಸ್. ಸುಬ್ಬುಲಕ್ಷ್ಮಿಯವರ ಹೆಸರು ಹೊತ್ತ ಎಂ.ಎಸ್. ಬ್ಲೂ. ಸಂಗೀತ ಗೊತ್ತಿಲ್ಲದವರೂ ಕೇಳಿ ಪಡೆಯುವ ಬಣ್ಣ ಅದು. ಸೀರೆ ಬಿಚ್ಚಿ ಕೌಂಟರಿನ ಮೇಲೆ ಹರಡಿದ ಕೂಡಲೇ ಅಣ್ಣ ಹಿಂತಿರುಗಿಯೂ ನೋಡದೆ ಕೈ ಚಾಚಿ ಒಂದು ಥಾನು ಎಳೆಯುತ್ತಾರೆ. ಮುಕ್ಕಾಲು ಪಾಲು ಅದೇ ಸರಿ ಇರುತ್ತದೆ. ನಾವು ಒಪ್ಪುವುದಿಲ್ಲ. ಸುಲಭಕ್ಕೆ ಸಿಕ್ಕಿದ್ದನ್ನು ಒಪ್ಪಿದರೆ ಅಷ್ಟು ದೂರ ನಡೆದು ಬಂದದ್ದಕ್ಕೆ ಏನು ಬೆಲೆ? "ಇದಕ್ಕಿಂತ ಒಂಚೂರು ಡಾರ್ಕ್" ಎನ್ನುತ್ತೇವೆ. ಡಾರ್ಕು ಬರುತ್ತದೆ. "ಇಷ್ಟೊಂದಲ್ಲ" ಎನ್ನುತ್ತೇವೆ. ಆಮೇಲೆ ಸೀರೆಯ ಸೆರಗು, ಎರಡು ಥಾನು, ಜೊತೆಗೆ ಬಂದ ಓರಗಿತ್ತಿ ಎಲ್ಲ ಸೇರಿ ಅಂಗಡಿಯ ಮೆಟ್ಟಿಲಿಗೆ ಬರುತ್ತೇವೆ. ಇದು ಜಂಬವಲ್ಲ, ಇದರಲ್ಲಿ ವಿಜ್ಞಾನವಿದೆ. ಒಂದೇ ಬಣ್ಣದಂತೆ ಕಾಣುವ ಎರಡು ಬಟ್ಟೆಗಳಿಗೆ ಹಾಕಿದ ರಂಗು ಬೇರೆ ಬೇರೆಯಾಗಿದ್ದರೆ, ಟ್ಯೂಬ್‌ಲೈಟಿನಲ್ಲಿ ಅವಳಿಜವಳಿ ಅನ್ನಿಸಿದ್ದು ಬಿಸಿಲಿನಲ್ಲಿ ನೆಂಟಸ್ತಿಕೆಯೇ ಇಲ್ಲದವರಂತೆ ಕಾಣುತ್ತದೆ. ಹಾಗಾಗಿ ಬಾಗಿಲ ಬೆಳಕೇ ಪ್ರಮಾಣ. ಡಾ. ರಾಜ್‌ಕುಮಾರ್ ರಸ್ತೆಯ ಆಸುಪಾಸಿನಲ್ಲಿ ನಡೆದು ಹೋದರೆ, ಫುಟ್‌ಪಾತಿನಲ್ಲಿ ನಿಂತು ಬಟ್ಟೆಯನ್ನು ಆಕಾಶಕ್ಕೆ ಹಿಡಿದು ಕಣ್ಣು ಕಿರಿದು ಮಾಡಿ ನೋಡುವ ಹೆಂಗಸರು ಕಂಡೇ ಕಾಣುತ್ತಾರೆ. ದಾರಿಹೋಕರಿಗೂ ಅಭಿಪ್ರಾಯ ಹೇಳುವ ಹಕ್ಕಿದೆ. ಗೊತ್ತಿಲ್ಲದ ಅಜ್ಜಿಯೊಬ್ಬರು ತರಕಾರಿ ಚೀಲ ಕೆಳಗಿಟ್ಟು, "ಎಡಗೈಯಲ್ಲಿರೋದೇ ಚೆನ್ನಾಗಿದೆ ಕಣಮ್ಮ" ಎಂದು ತೀರ್ಪು ಕೊಟ್ಟು ಹೋಗಿದ್ದೂ ಉಂಟು.

ಬಟ್ಟೆ ಆರಿಸಿದ ಮೇಲೆ ಅಳತೆ. ಟು ಬೈ ಟು ರೂಬಿಯಾ ಎಂದರೆ ಹಾಸಿನಲ್ಲೂ ಹೊಕ್ಕಿನಲ್ಲೂ ಎರಡೆರಡು ಎಳೆ ಹುರಿ ಮಾಡಿ ನೇಯ್ದದ್ದು. ಅದಕ್ಕೇ ಅದು ವರ್ಷಾನುಗಟ್ಟಲೆ ಬಾಳುತ್ತದೆ, ಸೀರೆ ಹರಿದರೂ ಬ್ಲೌಸು ಉಳಿಯುತ್ತದೆ. ಪನ್ನಾ, ಅಂದರೆ ಬಟ್ಟೆಯ ಅಗಲ, ದೊಡ್ಡದಿದ್ದರೆ ಎಂಬತ್ತು ಸೆಂಟಿಮೀಟರ್ ಸಾಕು, ಚಿಕ್ಕದಿದ್ದರೆ ಒಂದು ಮೀಟರ್. ಅಣ್ಣ ಕಬ್ಬಿಣದ ಮೀಟರ್ ಕೋಲಿನಲ್ಲಿ ಅಳೆದು, ಅಂಚಿನಲ್ಲಿ ಕತ್ತರಿಯಿಂದ ಒಂದು ಚಿಕ್ಕ ಗಾಯ ಮಾಡಿ, ಎರಡು ಕೈಯಲ್ಲಿ ಹಿಡಿದು ಸರ್ರೆಂದು ಹರಿಯುತ್ತಾರೆ. ಎಳೆಯ ಜಾಡು ಹಿಡಿದು ನೇರವಾಗಿ ಹರಿದ ಆ ಸದ್ದು ಕೇಳಿದ ಮೇಲೆ ವ್ಯಾಪಾರ ಮುಗಿಯಿತು, ಇನ್ನು ವಾಪಸಿಲ್ಲ. ರಾ ಸಿಲ್ಕಿಗೆ, ಬ್ರೊಕೇಡಿಗೆ ಈ ವೈಭವವಿಲ್ಲ, ಅವನ್ನು ಕತ್ತರಿಸಲೇಬೇಕು.

ಇಲ್ಲೊಂದು ತಮಾಷೆ ಇದೆ. ತೂಕ ಅಳತೆಗಳ ಕಾಯ್ದೆ ಬಂದದ್ದು 1956ರಲ್ಲಿ. ಅಂದಿನಿಂದ ಸರ್ಕಾರ ನಮ್ಮನ್ನು ಮೀಟರಿಗೆ ತರಲು ನೋಡಿ, ಅಂಗಡಿಯವರೆಗೆ ತಂದಿದೆ. ಬಟ್ಟೆ ಮೀಟರಿನಲ್ಲಿ ಬರುತ್ತದೆ. ಮನೆಗೆ ಬಂದು ಟೇಪ್ ತೆಗೆದ ಕೂಡಲೇ ಎಲ್ಲವೂ ಇಂಚು. ಎದೆ ಮೂವತ್ತಾರು, ಸೊಂಟ ಇಷ್ಟು, ತೋಳುದ್ದ ಹತ್ತು. ಸೀರೆ ಮಾತ್ರ ಇಬ್ಬರಿಗೂ ಸೇರದೆ ಆರು ಗಜ, ಒಂಬತ್ತು ಗಜ ಎಂದುಕೊಂಡು ಹಳೆಯ ಕಾಲದಲ್ಲೇ ಉಳಿದಿದೆ. ಎಂಬತ್ತು ಸೆಂಟಿಮೀಟರ್ ಎಂದರೆ ಮೂವತ್ತೊಂದೂವರೆ ಇಂಚು ಎಂದು ಲೆಕ್ಕ ಹಾಕಿ ಬ್ಲೌಸು ಕತ್ತರಿಸುವ ಹೆಂಗಸು ಗಣಿತದಲ್ಲಿ ದಡ್ಡಿ ಎಂದು ಹೇಳಿಕೊಳ್ಳುತ್ತಾಳಲ್ಲ, ಅದೇ ಆಶ್ಚರ್ಯ. ಇನ್ನು ಮೈಸೂರು ರಸ್ತೆಯ ಕಡೆ ಹೋದರೆ ಗಾರ್ಮೆಂಟ್ಸ್‌ನಿಂದ ಉಳಿದ ಕಟ್ ಪೀಸುಗಳನ್ನು ಕೆಜಿ ಲೆಕ್ಕದಲ್ಲಿ ಮಾರುತ್ತಾರೆ. ಅಲ್ಲಿ ಹೆಂಗಸರು ಬಟ್ಟೆಯನ್ನು ಕೈಯಲ್ಲಿ ತೂಗಿ ನೋಡಿ, "ಇದು ಕಾಲು ಕೆಜಿ ಚೂಡಿದಾರ್" ಎನ್ನುತ್ತಾರೆ.

ಬಟ್ಟೆ ಕೊಳ್ಳದೆಯೂ ಮನೆಗೆ ಬಂದು ಬೀಳುವ ಬಟ್ಟೆಯೊಂದಿದೆ. ಅರಿಶಿನ ಕುಂಕುಮದ ಬ್ಲೌಸ್ ಪೀಸು. ವರಮಹಾಲಕ್ಷ್ಮಿಗೆ, ಗೌರಿಗೆ, ನವರಾತ್ರಿಗೆ, ಸೀಮಂತಕ್ಕೆ, ಗೃಹಪ್ರವೇಶಕ್ಕೆ ಎಲೆ ಅಡಿಕೆ ತೆಂಗಿನಕಾಯಿಯ ಜೊತೆ ಕೈಗೆ ಬರುವ ತೆಳ್ಳನೆಯ ಚೌಕ. ಅದನ್ನು ಯಾರೂ ಹೊಲಿಸುವುದಿಲ್ಲ. ಹೊಲಿಸಿದರೆ ಹಾಕಿಕೊಳ್ಳುವಂತಿಲ್ಲ, ಅಷ್ಟು ಪಾರದರ್ಶಕ. ಅದು ಬಟ್ಟೆಯಲ್ಲ, ಚಲಾವಣೆಯ ನಾಣ್ಯ. ನಾನು ಕೊಟ್ಟದ್ದು ಅವರ ಮನೆಯಿಂದ ಇವರ ಮನೆಗೆ, ಇವರ ಮನೆಯಿಂದ ಶಂಕರಮಠದ ಹಿಂದಿನವರ ಮನೆಗೆ ಹೋಗಿ, ಮಡಿಕೆ ಕೆಡದೆ, ಮುಂದಿನ ಶ್ರಾವಣಕ್ಕೆ ನನ್ನ ಮಡಿಲಿಗೇ ಬರುತ್ತದೆ. ಮೂಲೆಯಲ್ಲಿ ನಾನೇ ಪೆನ್ಸಿಲಿನಲ್ಲಿ ಹಾಕಿದ ಗುರುತಿನ ಸಮೇತ. ಹೊಲಿಗೆ ಕಲಿಯುವವರು ಈ ಅರ್ಥವ್ಯವಸ್ಥೆಗೆ ದೊಡ್ಡ ಅಪಾಯ. ನಾವು ಅದನ್ನು ಕತ್ತರಿಸಿಬಿಡುತ್ತೇವೆ. ನಮ್ಮ ಕ್ಲಾಸಿನಲ್ಲಿ ಜಬಲಾದಿಂದ ಲಂಗದವರೆಗೆ ಎಲ್ಲ ಕಲಿತದ್ದು ಈ ಪೀಸುಗಳ ಮೇಲೆಯೇ. ಬೀದಿಯ ಚಲಾವಣೆ ಆ ವರ್ಷ ಸ್ವಲ್ಪ ಬಿಗಿಯಾಗಿದ್ದಿರಬೇಕು. ಉತ್ತರ ಕರ್ನಾಟಕದವರನ್ನು ಈ ವಿಷಯದಲ್ಲಿ ಮೆಚ್ಚಬೇಕು. ಅವರು ಉಡಿ ತುಂಬುವುದಕ್ಕೆ ಗುಳೇದಗುಡ್ಡದ ಖಣ ಕೊಡುತ್ತಾರೆ. ಹೊಲಿಸಿದರೆ ಕುಪ್ಪಸ, ಬಿಟ್ಟರೆ ಪೆಟ್ಟಿಗೆಯ ಸಿರಿ. ಎರಡರಲ್ಲೂ ಮರ್ಯಾದೆಯಿದೆ.

ಕ್ಲಾಸಿನ ಮಾತು ಬಂತು. ವಿಜಯನಗರದ ಕಡೆ ಅಡ್ಡರಸ್ತೆಯೊಂದರಲ್ಲಿ, ಮೊದಲನೇ ಮಹಡಿಯಲ್ಲಿ, ಸಾಲಾಗಿ ಕಾಲುಮಿಷನ್ ಇಟ್ಟ ಕೋಣೆ. ಮೊದಲ ದಿನ ದಾರ ಕೊಡುವುದಿಲ್ಲ. ಗೆರೆ ಹಾಕಿದ ನೋಟ್‌ಬುಕ್ಕಿನ ಹಾಳೆ ಕೊಟ್ಟು, ಖಾಲಿ ಸೂಜಿಯಲ್ಲಿ ಆ ಗೆರೆಯ ಮೇಲೇ ತೂತು ಹಾಕುತ್ತ ಹೋಗಿ ಎನ್ನುತ್ತಾರೆ. ಕಾಲು ಒಂದು ಕಡೆ ತುಳಿದರೆ ಚಕ್ರ ಇನ್ನೊಂದು ಕಡೆ ತಿರುಗುತ್ತದೆ. ಸ್ಕೂಟರನ್ನು ಮಾಗಡಿ ರಸ್ತೆಯ ಟೋಲ್‌ಗೇಟಿನ ನೂಕುನುಗ್ಗಲಿನಲ್ಲಿ ಹೂವಿನ ಹಾಗೆ ಓಡಿಸುವವರ ಹೊಲಿಗೆ ಕೂಡ ಹಾಳೆಯ ಅರ್ಧಕ್ಕೇ ಗೆರೆ ಬಿಟ್ಟು ಮಾರ್ಜಿನ್ನಿಗೆ ಹೋಗುತ್ತದೆ. ಆಮೇಲೆ ಪೇಪರ್ ಕಟಿಂಗ್. ಹಳೆಯ ಕನ್ನಡ ದಿನಪತ್ರಿಕೆಯನ್ನು ಮಡಿಸಿ, ಎದೆ ಸುತ್ತಳತೆಯ ನಾಲ್ಕನೇ ಒಂದು ಪಾಲಿಗೆ ಹೊಲಿಗೆಯ ಅಂಚು ಸೇರಿಸಿ, ಕುತ್ತಿಗೆ, ಭುಜ, ಕಂಕುಳ ಸುತ್ತು ಎಂದು ಗೆರೆ ಎಳೆದು ಕತ್ತರಿಸಬೇಕು. ಕಂಕುಳಿಗೆ ಬಗ್ಗಿಸಿ ಕತ್ತರಿಸುವಾಗ ಮಂತ್ರಿಯೊಬ್ಬರ ಕಿವಿ ಹೋಯಿತು. ಕುತ್ತಿಗೆಯ ಜಾಗದಲ್ಲಿ ರಾಶಿಭವಿಷ್ಯವಿತ್ತು. ಪಕ್ಕದಲ್ಲಿ ಕೂತಿದ್ದ ಹುಡುಗಿ ಕತ್ತರಿಸುವುದು ಬಿಟ್ಟು ತನ್ನ ರಾಶಿ ಓದಿಕೊಂಡಳು.

ನಮ್ಮ ಟೀಚರಿಗೆ ಸೂತ್ರದ ಮೇಲೆ ನಂಬಿಕೆ ಕಡಿಮೆ. "ಪುಸ್ತಕದ ಮೈ ಯಾರಿಗೂ ಇಲ್ಲಮ್ಮ" ಎನ್ನುತ್ತಾರೆ. ಒಂದು ಭುಜ ಇನ್ನೊಂದಕ್ಕಿಂತ ತುಸು ಇಳಿದಿರುತ್ತದೆ, ಸೊಂಟದಲ್ಲಿ ಮಗುವನ್ನೆತ್ತಿ ಬೆಳೆಸಿದವರದು ಇನ್ನಷ್ಟು. ಬಲಗೈ ತೋಳು ಎಡಗೈಗಿಂತ ದಪ್ಪ, ರೊಟ್ಟಿ ತಟ್ಟುವವರದು ಎದ್ದು ಕಾಣುವಷ್ಟು. ಇದನ್ನೆಲ್ಲ ಟೇಪು ಹಿಡಿದು ಅವರು ತೋರಿಸಿಕೊಡುತ್ತಿದ್ದರು. ಅಂಗಡಿಯ ರೆಡಿಮೇಡಿನಲ್ಲಿ ಎಸ್, ಎಂ, ಎಲ್ ಎಂಬ ಮೂರು ನಾಲ್ಕು ಮೈಗಳಷ್ಟೇ ಇವೆ. ನಾವು ಆ ಅಕ್ಷರಗಳಿಗೆ ಹೊಂದಿಕೊಳ್ಳಲಾಗದೆ ನಮ್ಮ ಮೈಯನ್ನೇ ಬೈದುಕೊಂಡು ಬರುತ್ತೇವೆ. ಕ್ಲಾಸಿನಲ್ಲಿ ಅಳತೆ ತೆಗೆಯುವ ದಿನ ಮಾತ್ರ ದೊಡ್ಡ ಗುಟ್ಟಿನ ವ್ಯವಹಾರ. ವಯಸ್ಸನ್ನಾದರೂ ಹೇಳಿಯಾರು, ಸೊಂಟದ ಸುತ್ತಳತೆಯನ್ನು ಗಟ್ಟಿಯಾಗಿ ಹೇಳುವಂತಿಲ್ಲ. ಅಳೆಯುವವರು ಟೇಪನ್ನು ಒಂದಿಂಚು ಬಿಗಿದು, ಅಳೆಸಿಕೊಳ್ಳುವವರು ಉಸಿರನ್ನು ಎರಡಿಂಚು ಒಳಗೆಳೆದು, ಕೊನೆಗೆ ಬಂದ ಅಂಕಿಯಲ್ಲಿ ಬ್ಲೌಸು ಹೊಲಿದರೆ ತೊಡಿಸುವುದಕ್ಕೆ ಗೊಂಬೆ ಬೇಕು.

ಕ್ಲಾಸಿನಲ್ಲಿ ಎಲ್ಲರೂ ಇದ್ದರು. ಮದುವೆ ಗೊತ್ತಾದ ಹುಡುಗಿ, ಬ್ಯಾಂಕಿನಿಂದ ನಿವೃತ್ತರಾದವರು, ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುತ್ತ ಮೀಟಿಂಗಿನ ನಡುವೆ ಕಾಜಾ ಹೊಲಿಯುತ್ತಿದ್ದವರು. ಅವರೆಲ್ಲರ ನಡುವೆ ನನ್ನ ಗಮನ ಹಿಡಿದವರು ಗಾರ್ಮೆಂಟ್ಸ್ ಬಿಟ್ಟು ಬಂದ ಒಬ್ಬರು. ಮೈಸೂರು ರಸ್ತೆಯ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಹೊಲಿದವರು. ಮಿಷನ್ನಿನ ಮೇಲೆ ಅವರ ಕೈ ಓಡುವುದನ್ನು ನೋಡಲು ನಾವೆಲ್ಲ ಕೆಲಸ ಬಿಟ್ಟು ನಿಲ್ಲುತ್ತಿದ್ದೆವು. ಬಟ್ಟೆ ಸೂಜಿಯ ಕೆಳಗೆ ಹೋದದ್ದೂ ಬಂದದ್ದೂ ತಿಳಿಯುತ್ತಿರಲಿಲ್ಲ. ಟೀಚರಿಗೇ ಪಾಠ ಹೇಳುವಷ್ಟು ನೇರ ಹೊಲಿಗೆ. ಇಷ್ಟು ಬರುವವರಿಗೆ ಕ್ಲಾಸ್ ಯಾಕೆ ಎಂದರೆ, "ನಂಗೆ ಕಾಲರ್ ಒಂದೇ ಬರೋದು ಅಕ್ಕ" ಎಂದರು. ಲೈನಿನಲ್ಲಿ ಒಬ್ಬರು ಕಾಲರು, ಒಬ್ಬರು ತೋಳು, ಒಬ್ಬರು ಜೇಬು. ಗಂಟೆಗಿಷ್ಟು ಪೀಸು ಎಂದು ಟಾರ್ಗೆಟ್. ಅವರ ಕೈಯಿಂದ ಹೋದ ಕಾಲರುಗಳು ಯಾವ ಯಾವ ದೇಶದ ಕುತ್ತಿಗೆಗಳ ಮೇಲೆ ಕೂತಿವೆಯೋ. ಪೂರ್ತಿ ಅಂಗಿಯೊಂದನ್ನು ಅವರು ಒಮ್ಮೆಯೂ ಹೊಲಿದಿರಲಿಲ್ಲ. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿಯ ನಿಯಮ ಬದಲಾಯಿಸಿದ್ದಕ್ಕೆ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಯಾವ ನಾಯಕರನ್ನೂ ಕಾಯದೆ ಸಾವಿರಗಟ್ಟಲೆ ರಸ್ತೆಗಿಳಿದದ್ದು, ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಆ ನಿಯಮ ಹಿಂತೆಗೆದುಕೊಂಡದ್ದು ನಿಮಗೆ ನೆನಪಿರಬಹುದು. ಆ ಹೊತ್ತಿಗೆ ತಾನೂ ರಸ್ತೆಯಲ್ಲಿದ್ದೆ ಎಂದು ಅವರು ಹುಕ್ಕಿಗೆ ದಾರ ಸುತ್ತುತ್ತ ಹೇಳಿದರು. ಹವ್ಯಾಸಕ್ಕೆ ಹೊಲಿಯುವ ನಾವು, ಹೊಟ್ಟೆಗೆ ಹೊಲಿದ ಅವರು ಒಂದೇ ಬೆಂಚಿನಲ್ಲಿ ಕೂತು ಕಟೋರಿ ಬ್ಲೌಸಿನ ಡಾಟು ಎಲ್ಲಿ ಮುಗಿಯಬೇಕೆಂದು ಜಗಳವಾಡುತ್ತಿದ್ದೆವು. ಈಗ ಅವರು ಕೆಂಗೇರಿ ಉಪನಗರದ ತಮ್ಮ ಮನೆಯ ಮುಂದೆ 'ಇಲ್ಲಿ ಬ್ಲೌಸ್ ಹೊಲಿದುಕೊಡಲಾಗುವುದು' ಎಂದು ಬೋರ್ಡು ಹಾಕಿದ್ದಾರೆ. ನಾವು ಕ್ಲಾಸಿನವರು ಕಷ್ಟದ ಕಟಿಂಗುಗಳನ್ನು ಅವರ ಬಳಿ ಒಯ್ಯುತ್ತೇವೆ.

ಕೆಂಗೇರಿಗೆ ಹೋಗುವುದು ಈಗ ಸುಲಭ. 2021ರ ಆಗಸ್ಟ್‌ನಿಂದ ನೇರಳೆ ಮೆಟ್ರೊ ಅಲ್ಲಿಯವರೆಗೆ ಓಡುತ್ತಿದೆ. ರೇಷ್ಮೆ ಹೊಲಿಯುವವರಿಗೆ ಕೆಂಗೇರಿಯ ಮೇಲೆ ವಿಶೇಷ ಗೌರವವಿರಬೇಕು. 1866ರಲ್ಲಿ ಡಿ ವೆಕ್ಕಿ ಎಂಬ ಇಟಲಿಯವನು ಹಬೆಯಂತ್ರದಿಂದ ರೇಷ್ಮೆನೂಲು ತೆಗೆಯುವ ಕಾರ್ಖಾನೆಯನ್ನು ಹೂಡಿದ್ದು ಇದೇ ಊರಿನಲ್ಲಿ. ಮೈಸೂರು ಸೀಮೆಯ ಗೂಡು, ಇಟಲಿಯ ಯಂತ್ರ, ವೃಷಭಾವತಿಯ ದಂಡೆ. ಆಗ ವೃಷಭಾವತಿಯ ಪಕ್ಕದಲ್ಲಿ ಮೂಗು ಮುಚ್ಚಿಕೊಳ್ಳದೆ ನಿಲ್ಲಬಹುದಾಗಿತ್ತೆಂದು ಕಾಣುತ್ತದೆ. ನಗರದ ಈ ಅಂಚಿಗೆ ಬಟ್ಟೆಯ ನಂಟು ಹಳೆಯದು. 1884ರಲ್ಲಿ ಶುರುವಾಗಿ ಆಮೇಲೆ ಬಿನ್ನಿ ಕಂಪನಿಯ ಕೈಗೆ ಬಂದ ಗಿರಣಿಯಿಂದಲೇ ಬಿನ್ನಿಪೇಟೆ. ಅದರ ಜಾಗದಲ್ಲೀಗ ಅಪಾರ್ಟ್‌ಮೆಂಟುಗಳಿವೆ. ರಾಜಾ ಮಿಲ್ ಇದ್ದಲ್ಲಿ ಮಂತ್ರಿ ಮಾಲ್ ಬಂತು. ಮಿನರ್ವಾ ಮಿಲ್ ಬಟ್ಟೆಗಿಂತ ಕೋರ್ಟಿನಿಂದ ಹೆಚ್ಚು ಹೆಸರು ಮಾಡಿತು. ಸಂಸತ್ತು ಮನಸ್ಸಿಗೆ ಬಂದಂತೆ ಸಂವಿಧಾನವನ್ನು ತಿದ್ದುವಂತಿಲ್ಲ ಎಂದು 1980ರ ಜುಲೈ 31ರಂದು ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿಗೆ ಅಂಟಿಕೊಂಡಿರುವುದು ಬೆಂಗಳೂರಿನ ಈ ಬಟ್ಟೆ ಗಿರಣಿಯ ಹೆಸರು. ಲಾಯರುಗಳಿಗೆ ಅದು ಬಾಯಿಪಾಠ.

ಗಿರಣಿಗಳು ಹೋದವು, ಪೇಟೆ ಉಳಿಯಿತು. ಲೇಸು, ಗುಂಡಿ, ಮಣಿ, ಜರಿ, ಗೊಂಡೆ ಬೇಕೆಂದರೆ ಮ್ಯಾಚಿಂಗ್ ಸೆಂಟರ್ ಸಾಲದು. ಚಿಕ್ಕಪೇಟೆಗೆ, ಅವೆನ್ಯೂ ರಸ್ತೆಯ ರಾಜಾ ಮಾರ್ಕೆಟಿಗೆ ಹೋಗಬೇಕು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಈ ಯಾತ್ರೆಗೆ ಹೊಸ ಕಳೆ ಬಂದಿದೆ. ಹೆಂಗಸರಿಗೆ ಬಸ್ಸು ಬಿಟ್ಟಿ. ಬಿಟ್ಟಿ ಬಸ್ಸಿನಲ್ಲಿ ಹೋಗಿ ಇಲ್ಲಿಗಿಂತ ಐದು ರೂಪಾಯಿ ಕಡಿಮೆಗೆ ದಾರದುಂಡೆ ತಂದರೆ ಅದು ಪೂರ್ತಿ ಲಾಭ. ಆ ಲಾಭದಲ್ಲಿ ಕುಡಿದ ಕಾಫಿ, ತಿಂದ ದೋಸೆ, ಭಾರ ಹೊರಲಾರದೆ ಹಿಂತಿರುಗುವಾಗ ಕೊಟ್ಟ ಮೆಟ್ರೊ ದುಡ್ಡು ಲೆಕ್ಕಕ್ಕೆ ಬರುವುದಿಲ್ಲ. ಕಂಡಕ್ಟರ್ ಕೊಟ್ಟ ಪಿಂಕ್ ಟಿಕೆಟನ್ನೇ ಕೌಂಟರಿನ ಮೇಲಿಟ್ಟು, "ಅಣ್ಣ, ಈ ಕಲರ್ ಲೈನಿಂಗ್ ಇದೆಯಾ?" ಎಂದು ಕೇಳಿದವರನ್ನು ಕಣ್ಣಾರೆ ಕಂಡಿದ್ದೇನೆ. ಇತ್ತು.

ವಿದೇಶದಲ್ಲಿರುವ ಸೊಸೆಯಂದಿರು ಫೋನಿನಲ್ಲಿ ಹೇಳುತ್ತಾರೆ, ಅಲ್ಲಿ ಹೊಲಿಗೆ ಕ್ಲಬ್ಬುಗಳಿವೆಯಂತೆ. ಸದಸ್ಯತ್ವ, ಅಧ್ಯಕ್ಷೆ, ಕಾರ್ಯದರ್ಶಿ, ಕ್ವಿಲ್ಟು ಪ್ರದರ್ಶನ. ನಮ್ಮಲ್ಲಿಲ್ಲವೇ ಎಂದು ಕೇಳುತ್ತಾರೆ. ಹೆಸರಿಟ್ಟುಕೊಂಡದ್ದು ನಮ್ಮ ಬೀದಿಯಲ್ಲಂತೂ ಇಲ್ಲ. ಮಧ್ಯಾಹ್ನ ಊಟವಾದ ಮೇಲೆ ಹಾವನೂರು ಸರ್ಕಲ್ಲಿನ ಆಚೀಚೆ ಯಾವುದಾದರೂ ಮನೆಯ ಪೋರ್ಟಿಕೋದಲ್ಲಿ ಹೆಂಗಸರು ಸೀರೆಯ ಸೆರಗು ಹರಡಿಕೊಂಡು ಕುಚ್ಚು ಕಟ್ಟುತ್ತ ಕೂತಿರುತ್ತಾರಲ್ಲ, ಅದೇ ನಮ್ಮ ಕ್ಲಬ್ಬು. ಸೆರಗಿನ ಎಳೆಗಳನ್ನು ಸಮನಾಗಿ ಬಿಡಿಸಿ, ರೇಷ್ಮೆದಾರ ಸೇರಿಸಿ, ಗಂಟು ಹಾಕಿ, ತುದಿ ಕತ್ತರಿಸುವ ಕೆಲಸ. ಬೇಬಿ ಕುಚ್ಚು, ಕ್ರೋಶಾ ಕುಚ್ಚು, ಮಣಿ ಕುಚ್ಚು. ಒಬ್ಬೊಬ್ಬರದು ಒಂದೊಂದು ಕೈ. ಇಲ್ಲಿ ಆರಿ ಕೆಲಸ ಕಲಿತ ಹುಡುಗಿ ಅಡ್ಡೆಗೆ ಬಿಗಿದ ಬಟ್ಟೆಯನ್ನೂ ತಂದು ಕೂರುತ್ತಾಳೆ. ಧಾರವಾಡದ ಕಡೆಯ ಒಬ್ಬರು ಕಸೂತಿ ಹೇಳಿಕೊಡುತ್ತಾರೆ. ಗಾವಂತಿ, ಮುರ್ಗಿ, ನೇಗಿ, ಮೆಂತೆ ಎಂದು ನಾಲ್ಕು ಹೊಲಿಗೆ. ಎಳೆ ಎಣಿಸಿ ಹಾಕಬೇಕು, ಗಂಟು ಹಾಕುವಂತಿಲ್ಲ. ಗಾವಂತಿ, ಮುರ್ಗಿಯಲ್ಲಂತೂ ಹಿಂದೆ ಮುಂದೆ ಒಂದೇ ಥರ ಕಾಣಬೇಕು. "ನಿಮ್ಮ ಬೆಂಗಳೂರಿನವರು ಎದುರಿಗೊಂದು ಹಿಂದೊಂದು, ಅದಕ್ಕs ನಿಮಗ ಮುರ್ಗಿ ಬರಂಗಿಲ್ರಿ" ಎಂದು ಅವರು ನಗುತ್ತ ಚುಚ್ಚುತ್ತಾರೆ. ಸಿಟ್ಟು ಬರುವುದಿಲ್ಲ. ನಾನು ಕಸೂತಿಯಲ್ಲಿ ಹಾಕಿದ ಗೋಪುರದ ಹಿಂಭಾಗ ತಿರುಗಿಸಿ ನೋಡಿದರೆ ಅವರ ಮಾತು ಸುಳ್ಳೂ ಅಲ್ಲ.

ಕ್ವಿಲ್ಟಿನ ಬಡಿವಾರಕ್ಕೂ ಅವರ ಬಳಿ ಉತ್ತರವಿದೆ. ಅವರ ಊರಿನಲ್ಲಿ ಹಳೇ ಸೀರೆಗಳನ್ನು ಪದರ ಪದರವಾಗಿ ಹಾಸಿ ಅಂಚಿನಿಂದ ಅಂಚಿಗೆ ದಾರ ಓಡಿಸಿ ಕೌದಿ ಹೊಲಿಯುತ್ತಾರೆ. ಹೊಲಿಯುವವರು ಮನೆ ಬಾಗಿಲಿಗೇ ಬಂದು ಕೂತು ಹೊಲಿದುಕೊಡುವ ರೂಢಿಯೂ ಇದೆ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಂಗಸರ ಕೌದಿಯ ನಾಲ್ಕು ಮೂಲೆಗೂ ಬಟ್ಟೆಯ ಹೂವು ಕೂರಿಸಬೇಕು. ಅದಿಲ್ಲದಿದ್ದರೆ ಕೌದಿ ಬತ್ತಲೆಯಂತೆ! ಚಿಂದಿ ಬಟ್ಟೆಗೂ ಮಾನ ಮುಚ್ಚುವ ಈ ಯೋಚನೆ ಯಾವ ಕ್ಲಬ್ಬಿನ ಅಧ್ಯಕ್ಷೆಗೆ ಹೊಳೆದೀತು?

ನಮ್ಮ ಈ ಕೂಟಕ್ಕೆ ಬರೆಯದ ನಿಯಮಗಳಿವೆ. ದೀಪ ಹಚ್ಚಿದ ಮೇಲೆ ಸೂಜಿ ಸಾಲ ಕೊಡುವಂತಿಲ್ಲ. ಮೈಮೇಲಿದ್ದ ಬಟ್ಟೆಯನ್ನು ಹಾಗೇ ಹೊಲಿಯುವಂತಿಲ್ಲ. ಮಂಗಳವಾರ ಹೊಸ ಬಟ್ಟೆಗೆ ಕತ್ತರಿ ಹಾಕುವಂತಿಲ್ಲ. ಇವನ್ನೆಲ್ಲ ಯಾರೂ ನಂಬುವುದಿಲ್ಲ, ಎಲ್ಲರೂ ಪಾಲಿಸುತ್ತಾರೆ. ಬಡಾವಣೆಗೆ ಬಸವಣ್ಣನವರ ಹೆಸರಿಟ್ಟುಕೊಂಡು ಹೀಗೆ ಮಾಡಬಹುದೇ ಎಂದು ನಿವೃತ್ತ ಮೇಷ್ಟ್ರೊಬ್ಬರು ಕಾಂಪೌಂಡಿನ ಆಚೆಯಿಂದ ಒಮ್ಮೆ ಕೇಳಿದರು. ಶರಣರಲ್ಲಿ ನೇಯುವ ದೇವರ ದಾಸಿಮಯ್ಯ ಇದ್ದರು, ನೂಲು ತೆಗೆಯುವ ಕದಿರ ರೆಮ್ಮವ್ವೆ ಇದ್ದರು, ಸೂಜಿಯ ಕಾಯಕದವರೂ ಇದ್ದರು, ಅವರಾರೂ ವಾರ ನೋಡಿ ಕೆಲಸ ಮಾಡಿದವರಲ್ಲ ಎಂಬುದು ಅವರ ವಾದ. ಮಾತು ಸರಿಯೇ. ಕುಚ್ಚು ಕಟ್ಟುತ್ತಿದ್ದವರೊಬ್ಬರು ತಲೆಯೆತ್ತದೆ, "ಹೌದು ಮೇಷ್ಟ್ರೇ, ನಿಮ್ಮ ಅಂಗಿಯ ಗುಂಡಿ ಹೋಗಿದೆ, ಬುಧವಾರ ತನ್ನಿ" ಎಂದರು.

ಇಷ್ಟೆಲ್ಲ ಸುತ್ತಾಟ, ಕ್ಲಾಸಿನ ಫೀಸು, ಟೇಪು, ಕತ್ತರಿ, ಬಾಬಿನ್ನು, ಕಟ್ಟದ ಕುಚ್ಚಿನ ದಾರ, ಮುಂದೆ ಬೇಕಾದೀತೆಂದು ತಂದಿಟ್ಟ ಕಲಂಕಾರಿ, ಇಕ್ಕತ್ತು, ಸಾಟಿನ್ನುಗಳಿಂದ ತುಂಬಿ ಬಾಗಿಲು ಹಾಕಲಾಗದ ಬೀರು. ಇದರಿಂದ ದುಡ್ಡು ಉಳಿಯುತ್ತದೆಯೇ ಎಂದು ನಮ್ಮ ಮನೆಯವರು ಕೇಳುತ್ತಾರೆ. ಉಳಿಯುವುದಿಲ್ಲ. ಟೈಲರಿಗೆ ಕೊಟ್ಟರೇ ಅಗ್ಗ, ಈ ಲೆಕ್ಕ ನಾನೇ ಹಾಕಿ ನೋಡಿದ್ದೇನೆ. ಹೊತ್ತೂ ಉಳಿಯುವುದಿಲ್ಲ. ಲೈನಿಂಗನ್ನು ಹಿಂದಿನ ರಾತ್ರಿ ನೀರಿನಲ್ಲಿ ನೆನೆಸಿ, ನೆರಳಿನಲ್ಲಿ ಒಣಗಿಸಿ, ಇಸ್ತ್ರಿ ಮಾಡಿದ ಮೇಲೇ ಕತ್ತರಿ ಹಾಕಬೇಕು, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಒಳಗಿನದು ಕುಗ್ಗಿ ಹೊರಗಿನದು ಸುಕ್ಕುಗಟ್ಟುತ್ತದೆ. ಆದರೆ ಒಂದು ಮಾತು ಖಂಡಿತ. ನಾನು ಹೊಲಿದ ಬ್ಲೌಸು ಹಾಕಿಕೊಂಡು, ಬಿಎಂಟಿಸಿ ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದು ನಿಂತು, ರಾಜಾಜಿನಗರದಿಂದ ಕೆಂಗೇರಿಯವರೆಗೆ ಹೋದರೂ ಕಂಕುಳಲ್ಲಿ ಎಲ್ಲೂ ಹಿಡಿಯುವುದಿಲ್ಲ.